ಲ್ಯಾಬಿನ ಸರ್ವರ್ ಮತ್ತು ಮೂರು ಏಳು

ಹಾಸನದಿಂದ ಬೇಲೂರಿಗೆ ಹೋಗುವಾಗ ಹಗರೆಯಲ್ಲಿ ಹಳೇಬೀಡಿನ ದಾರಿ ಕವಲೊಡೆಯುತ್ತದೆ. ಆ ಸುತ್ತಿನ ಪ್ರೌಢಶಾಲೆಯೊಂದಕ್ಕೆ ಕಳೆದ ವರ್ಷ ನಮ್ಮ ಪ್ರಶಿಕ್ಷಣಾರ್ಥಿಗಳನ್ನು ಬೋಧನಾಭ್ಯಾಸಕ್ಕೆ ಕಳಿಸಿದ್ದೆವು. ನಾನು ವೀಕ್ಷಣೆಗೆ ಹೋದ ಶನಿವಾರ ಕಂಪ್ಯೂಟರ್ ಕೊಠಡಿಯಲ್ಲಿ ಒಂಬತ್ತನೆಯ ತರಗತಿಗೆ ಗಣಿತದ ಪಾಠ. ಚೌಕವೊಂದನ್ನು ಜಿಯೋಜಿಬ್ರಾದಲ್ಲಿ ಬರೆದು, 22.5 ಡಿಗ್ರಿಯಂತೆ ತಿರುಗಿಸುತ್ತ ಹೋದರೆ 16 ಮೂಲೆಗಳ ನಕ್ಷತ್ರ ಬರುತ್ತದೆ. ಹಳೇಬೀಡಿನ ಗುಡಿಯ ಜಗತಿಯನ್ನು ನೋಡಿಬಂದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಯಾವುದು? ಪಾಠ ಚೆನ್ನಾಗಿಯೇ ನಡೆಯಿತು. ಕೊನೆಯಲ್ಲಿ ಮಕ್ಕಳು ತಮ್ಮ ನಕ್ಷತ್ರಗಳನ್ನು ಸರ್ವರಿನ ಫೋಲ್ಡರಿಗೆ ಉಳಿಸಲು ಹೋದಾಗ ‘ಅನುಮತಿ ಇಲ್ಲ’ ಎಂಬ ಸೂಚನೆ ಬಂತು. ಹತ್ತು ಕಂಪ್ಯೂಟರಿನಲ್ಲೂ ಅದೇ.

ಗಂಟೆ ಹೊಡೆಯಲು ಐದು ನಿಮಿಷ ಇತ್ತು. ನಮ್ಮ ಹುಡುಗಿ ಗಾಬರಿಯಾಗಲಿಲ್ಲ. ಸೂಚನೆಯ ಸಾಲನ್ನು ಫೋನಿನಲ್ಲಿ ಹುಡುಕಿದಳು, ಸಿಕ್ಕ ಮೊದಲ ಉತ್ತರವನ್ನು ಮೂಲೆಯಲ್ಲಿದ್ದ ಸರ್ವರಿನ ಟರ್ಮಿನಲ್ಲಿನಲ್ಲಿ ಟೈಪು ಮಾಡಿದಳು. ಪಾಸ್‌ವರ್ಡ್ ಕೇಳಿತು. ಅದು ಮಾನಿಟರಿನ ಅಂಚಿಗೇ ಚೀಟಿಯಲ್ಲಿ ಅಂಟಿತ್ತು. ಎಲ್ಲ ಮಕ್ಕಳ ಕೆಲಸವೂ ಉಳಿಯಿತು. ನಾನು ವೀಕ್ಷಣಾ ಪುಸ್ತಕದಲ್ಲಿ ‘ಸಮಯಪ್ರಜ್ಞೆ ಮೆಚ್ಚುವಂಥದ್ದು, ತಾಂತ್ರಿಕ ತೊಡಕನ್ನು ಸ್ವತಃ ಬಗೆಹರಿಸಿದ್ದಾರೆ’ ಎಂದು ಬರೆದೆ. ಅಂಕವನ್ನೂ ಧಾರಾಳವಾಗಿ ಕೊಟ್ಟೆ.

ಅವಳು ಟೈಪು ಮಾಡಿದ್ದು ಸುಡೊ ಸಿಎಚ್‌ಮಾಡ್, ಅದರ ಮುಂದೆ ಒಂದು ದೊಡ್ಡ ಆರ್, ಅದರ ಮುಂದೆ 777. ಮಕ್ಕಳು ಸುಡೊ ಎಂಬುದನ್ನು ‘ಸುಡು’ ಎಂದೇ ಓದುತ್ತಾರೆ. ಆ ದಿನದ ಮಟ್ಟಿಗೆ ಅವರ ಓದೇ ಸರಿಯಾಗಿತ್ತು.

ಮರುವಾರ ಆ ಫೋಲ್ಡರ್ ಖಾಲಿ. ನಕ್ಷತ್ರಗಳಷ್ಟೇ ಅಲ್ಲ, ಜೂನ್‌ನಿಂದ ಮಕ್ಕಳು ಮಾಡಿದ್ದೆಲ್ಲ ಹೋಗಿತ್ತು: ತಮ್ಮೂರಿನ ಬಗ್ಗೆ ಕನ್ನಡದಲ್ಲಿ ಟೈಪು ಮಾಡಿದ ಪುಟಗಳು, ಅಜ್ಜಿಯರ ಬಾಯಿಂದ ಕೇಳಿ ಬರೆದ ಗಾದೆಗಳು, ಹಳೇಬೀಡಿನ ಫೋಟೋಗಳು. ಶಾಲೆಯಲ್ಲಿ ವಿಚಾರಣೆ ನಡೆಯಿತು. ಒಬ್ಬ ಹುಡುಗ ಸಿಕ್ಕಿಬಿದ್ದ. ಸಿಕ್ಕಿಬಿದ್ದ ಅಂದರೆ ಏನು? ಹಿಂದೊಮ್ಮೆ ಅವನು ಎಲ್ಲ ಕಂಪ್ಯೂಟರಿನ ಹಿನ್ನೆಲೆ ಚಿತ್ರವನ್ನು ಬದಲಾಯಿಸಿದ್ದ. ಟರ್ಮಿನಲ್ ತೆರೆಯಲು ಅವನಿಗೆ ಬರುತ್ತಿತ್ತು. ಸಾಕ್ಷಿ ಅಷ್ಟೇ. ಶುಂಠಿ ಹೊಲದ ಕೆಲಸ ಬಿಟ್ಟು ಅವನ ಅಪ್ಪ ಶಾಲೆಗೆ ಬಂದು ಕೈಕಟ್ಟಿ ನಿಂತು ಹೋದರು. ಸುದ್ದಿ ನನಗೆ ತಲುಪಿದಾಗ ತೀರ್ಪು ಆಗಿಹೋಗಿತ್ತು.

ಆ ಶಾಲೆಯ ಹೆಸರು ಇಲ್ಲಿ ಬೇಡ. ತಪ್ಪಿನ ದೊಡ್ಡ ಪಾಲು ಅಂಕ ಕೊಟ್ಟ ನನ್ನದು. ಏನಾಯಿತು ಎಂಬುದನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಪ್ರಶಿಕ್ಷಣಾರ್ಥಿಗಳು ಲ್ಯಾಬಿಗೆ ಹೋದಾಗ ಕೇಳುವ ಪ್ರಶ್ನೆಗಳಲ್ಲಿ ಬಹಳಷ್ಟು ಇದರ ಸುತ್ತಲೇ ಇರುತ್ತವೆ.

ಲಿನಕ್ಸಿನಲ್ಲಿ ಪ್ರತಿ ಫೈಲಿಗೂ ಪ್ರತಿ ಫೋಲ್ಡರಿಗೂ ಒಬ್ಬ ಒಡೆಯ, ಒಂದು ಗುಂಪು, ಉಳಿದವರು ಎಂದು ಮೂರು ವರ್ಗ. ಒಬ್ಬೊಬ್ಬರಿಗೂ ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1. ಫೋಲ್ಡರಿನ ವಿಷಯದಲ್ಲಿ ನಡೆಸುವುದು ಎಂದರೆ ಒಳಗೆ ಕಾಲಿಡುವುದು. ಓದಿ ಒಳಗೆ ಹೋಗಬಹುದು, ಬರೆಯುವಂತಿಲ್ಲ ಎಂದರೆ 4 ಮತ್ತು 1 ಸೇರಿ 5. ಮೂರೂ ಇದ್ದರೆ 7. ಈ ಮೂರು ಸಂಖ್ಯೆಗಳನ್ನು ಹೇಗೆ ಕೂಡಿದರೂ ಒಂದು ಮೊತ್ತ ಎರಡು ರೀತಿಯಲ್ಲಿ ಬರುವುದಿಲ್ಲ. 1, 2, 3 ಎಂದು ಏಕೆ ಕೊಡಲಿಲ್ಲ, 4, 2, 1 ಏಕೆ ಎಂದು ಎಂಟನೆಯ ತರಗತಿಯವರನ್ನು ಕೇಳಿ ನೋಡಿ. ದ್ವಿಮಾನ ಪದ್ಧತಿಯ ಪೀಠಿಕೆ ಅಲ್ಲೇ ಸಿದ್ಧವಾಗಿದೆ.

ಆ ಶಾಲೆಯ ಶಿಕ್ಷಕರು ಮಾಡಿದ್ದ ವ್ಯವಸ್ಥೆ ಹೀಗಿತ್ತು. ಮಕ್ಕಳೆಲ್ಲರೂ ‘ಸ್ಟೂಡೆಂಟ್’ ಎಂಬ ಒಂದೇ ಹೆಸರಿನಲ್ಲಿ ಒಳಗೆ ಬರುತ್ತಿದ್ದರು. ತಾವು ‘ಐಸಿಟಿ’ ಎಂಬ ಇನ್ನೊಂದು ಹೆಸರಿನಲ್ಲಿ ಬರುತ್ತಿದ್ದರು. ಮಕ್ಕಳು ಉಳಿಸಿದ್ದನ್ನು ತರಗತಿ ಮುಗಿದ ಮೇಲೆ ತಮ್ಮ ಫೋಲ್ಡರಿಗೆ ಸಾಗಿಸಿಕೊಳ್ಳುತ್ತಿದ್ದರು. ಅಲ್ಲಿ ಮಕ್ಕಳು ನೋಡಬಹುದು, ಮುಟ್ಟುವಂತಿಲ್ಲ. ಆ ಶನಿವಾರ ಅವರು ರಜೆಯಲ್ಲಿದ್ದರು. ನಮ್ಮ ಹುಡುಗಿ ಬೆಳಿಗ್ಗೆ ಶಿಕ್ಷಕರ ಫೋಲ್ಡರಿನೊಳಗೇ ಹೊಸದೊಂದನ್ನು ಮಾಡಿ, ಮಕ್ಕಳಿಗೆ ಅಲ್ಲಿ ಉಳಿಸಲು ಹೇಳಿದಳು. ಸರ್ವರ್ ಬೇಡವೆಂದಿತು. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು.

ಇಲ್ಲಿಯೇ ನಾವು ಮೊದಲು ಎಡವುವುದು. ‘ಅನುಮತಿ ಇಲ್ಲ’ ಎಂಬುದನ್ನು ನಾವು ಯಂತ್ರ ಕೆಟ್ಟಿತು ಎಂದು ಓದುತ್ತೇವೆ. ಯಾರಿಗೆ, ಯಾವುದಕ್ಕೆ, ಯಾರು ಇಲ್ಲವೆಂದರು ಎಂದು ಓದಬೇಕು. 777 ಆ ಪ್ರಶ್ನೆಯನ್ನೇ ಅಳಿಸಿಹಾಕುತ್ತದೆ. ಒಡೆಯನಿಗೆ ಇದ್ದದ್ದೆಲ್ಲ ಊರಿಗೆಲ್ಲ. ಜೊತೆಗಿದ್ದ ಆ ದೊಡ್ಡ ಆರ್ ಒಳಗಿನ ಪ್ರತಿ ಫೋಲ್ಡರಿಗೂ ಪ್ರತಿ ಫೈಲಿಗೂ ಅದನ್ನೇ ಮಾಡು ಎಂದು ಹೇಳಿತು. ಅವಳು ಅದನ್ನು ತನ್ನ ಹೊಸ ಫೋಲ್ಡರಿಗೆ ಮಾತ್ರ ಹೇಳಿದ್ದರೂ ಅನಾಹುತ ಚಿಕ್ಕದಾಗುತ್ತಿತ್ತು. ಮೇಲಿನ ಫೋಲ್ಡರಿಗೆ ಹೇಳಿದಳು. ಜೂನ್‌ನಿಂದ ಶಿಕ್ಷಕರು ಕಾಪಾಡಿಟ್ಟದ್ದೆಲ್ಲ ಬಯಲಾಯಿತು.

ಇನ್ನೊಂದು ಮಾತು ಬಹಳ ಜನಕ್ಕೆ ನಂಬಿಕೆ ಬರುವುದಿಲ್ಲ. ಫೈಲನ್ನು ಅಳಿಸುವ ಹಕ್ಕು ಇರುವುದು ಫೈಲಿನ ಮೇಲಲ್ಲ, ಅದು ಇರುವ ಫೋಲ್ಡರಿನ ಮೇಲೆ. ‘ನನ್ನ ಫೈಲನ್ನು ಓದಲಷ್ಟೇ ಬಿಟ್ಟಿದ್ದೆ ಸರ್, ಅದು ಹೇಗೆ ಹೋಯಿತು?’ ಎಂದು ಅನುಭವಿ ಶಿಕ್ಷಕರೂ ಕೇಳುತ್ತಾರೆ. ಹಾಜರಿ ಪುಸ್ತಕದ ಹಾಳೆಗೆ ಅರಗಿನ ಮುದ್ರೆ ಒತ್ತಿದ್ದೀರಿ, ಬೀರು ತೆರೆದಿದೆ. ಬಂದವನು ಹಾಳೆಯಲ್ಲಿ ಒಂದಕ್ಷರ ತಿದ್ದಲಾರ, ಪುಸ್ತಕವನ್ನೇ ಎತ್ತಿಕೊಂಡು ಹೋಗಬಲ್ಲ. ಬೀರುವೇ ಫೋಲ್ಡರ್.

ಹಾಗಾದರೆ ಎಲ್ಲರೂ ಇಡಬೇಕು, ಯಾರೂ ಇನ್ನೊಬ್ಬರದನ್ನು ತೆಗೆಯಬಾರದು ಎಂದರೆ ಏನು ಮಾಡುವುದು? ಬೇಲೂರಿನ ಗುಡಿಗೆ ಹೋದಾಗ ಚಪ್ಪಲಿ ಬಿಡುವ ಜಾಗವನ್ನು ನೆನೆಸಿಕೊಳ್ಳಿ. ಟೋಕನ್ ಕೊಡುವ ಸ್ಟ್ಯಾಂಡಿನಲ್ಲಿ ಯಾರು ಬೇಕಾದರೂ ಚಪ್ಪಲಿ ಬಿಡಬಹುದು. ಟೋಕನ್ ಇದ್ದವರು ತಮ್ಮದನ್ನು ಮಾತ್ರ ತೆಗೆದುಕೊಳ್ಳಬಹುದು. ಸ್ಟ್ಯಾಂಡಿನವನು ಯಾವುದನ್ನಾದರೂ ಎತ್ತಬಲ್ಲ. ಲಿನಕ್ಸಿನಲ್ಲಿ ಮೂರು ಏಳಿನ ಹಿಂದೆ ಒಂದು 1 ಸೇರಿಸಿ, 1777 ಎಂದರೆ ಫೋಲ್ಡರಿಗೆ ಈ ನಿಯಮ ಬರುತ್ತದೆ. ಫೈಲಿನ ಒಡೆಯ, ಫೋಲ್ಡರಿನ ಒಡೆಯ ಮತ್ತು ಸರ್ವಾಧಿಕಾರಿಯಾದ ರೂಟ್, ಈ ಮೂವರು ಬಿಟ್ಟರೆ ಬೇರೆ ಯಾರೂ ಅಳಿಸಲಾರರು. ಉಬುಂಟುವಿನ ಟಿಎಂಪಿ ಎಂಬ ತಾತ್ಕಾಲಿಕ ಫೋಲ್ಡರ್ ಇರುವುದೇ ಹೀಗೆ. ಒಂದು ಅಂಕಿಯ ವ್ಯತ್ಯಾಸ.

ಆದರೆ ಆ ಶಾಲೆಯಲ್ಲಿ ಮಕ್ಕಳ ಕಡತಗಳ ಮಟ್ಟಿಗೆ ಅದೂ ನಡೆಯುತ್ತಿರಲಿಲ್ಲ. ಐವತ್ತು ಮಕ್ಕಳೂ ಒಂದೇ ‘ಸ್ಟೂಡೆಂಟ್’. ಎಲ್ಲರ ಕೈಗೂ ಒಂದೇ ನಂಬರಿನ ಟೋಕನ್ ಕೊಟ್ಟ ಹಾಗೆ. ಮಗುವಿಗೊಂದು ಹೆಸರು ಕೊಡುವುದು ಕಷ್ಟವಾದರೆ ಬೆಂಚಿಗೊಂದಾದರೂ ಕೊಡಬೇಕು.

ಈಗ ಲಾಗ್ ಪುಸ್ತಕದ ವಿಷಯ. ಉಬುಂಟು ಸರ್ವರಿನಲ್ಲಿ ಯಾರು ಯಾವಾಗ ಒಳಬಂದರು, ಸುಡೊ ಬಳಸಿ ಯಾವ ಆಜ್ಞೆ ಕೊಟ್ಟರು ಎಂಬುದು ಆಥ್ ಲಾಗ್ ಎಂಬ ಕಡತದಲ್ಲಿ ದಾಖಲಾಗುತ್ತದೆ. ವಾರಕ್ಕೊಮ್ಮೆ ಹೊಸ ಕಡತ ಶುರುವಾಗುತ್ತದೆ, ಹಳೆಯ ನಾಲ್ಕು ಮಾತ್ರ ಉಳಿಯುತ್ತವೆ. ಅಂದರೆ ಸುಮಾರು ಒಂದು ತಿಂಗಳ ನೆನಪು. ನಾನು ಶಾಲೆಗೆ ಹೋಗಿ ಶಿಕ್ಷಕರ ಜೊತೆ ಕೂತು ಅದನ್ನು ತೆರೆದೆ. ಆ ವಾರದಲ್ಲಿ ಸುಡೊ ಬಳಕೆಯಾದದ್ದು ಒಂದೇ ಸಲ: ಶನಿವಾರ ಬೆಳಿಗ್ಗೆ, ‘ಐಸಿಟಿ’ ಹೆಸರಿನಲ್ಲಿ, ನಮ್ಮ ಹುಡುಗಿಯ 777. ಹಿಂದೆ ಕೂತು ನಾನು ಮೆಚ್ಚುಗೆಯ ಮಾತು ಬರೆಯುತ್ತಿದ್ದ ನಿಮಿಷ ಅದು. ಯಾರು ಅಳಿಸಿದರು ಎಂಬುದು ಎಲ್ಲೂ ಇರಲಿಲ್ಲ. ಪ್ರತ್ಯೇಕವಾಗಿ ವ್ಯವಸ್ಥೆ ಮಾಡದೆ ಲಿನಕ್ಸ್ ಸರ್ವರ್ ಫೈಲು ಅಳಿಸಿದವರ ಲೆಕ್ಕ ಇಡುವುದಿಲ್ಲ. ಇಟ್ಟಿದ್ದರೂ ಅದರಲ್ಲಿ ‘ಸ್ಟೂಡೆಂಟ್’ ಎಂದೇ ಇರುತ್ತಿತ್ತು. ಹತ್ತು ಕಂಪ್ಯೂಟರಿನಲ್ಲಿ ಯಾವುದೋ ಮಗು ಜಾಗ ಮಾಡಿಕೊಳ್ಳಲು ಹೋಗಿ ಅಳಿಸಿರಬಹುದು, ನಮ್ಮವರೇ ಅಳಿಸಿರಬಹುದು. ಆ ಹುಡುಗನ ಮೇಲೆ ಬೊಟ್ಟು ಮಾಡಲು ಆ ಯಂತ್ರದಲ್ಲಿ ಒಂದಕ್ಷರವೂ ಇರಲಿಲ್ಲ.

‘ಬ್ಯಾಕಪ್ ಇತ್ತಲ್ಲ ಸರ್’ ಎಂದರು ಶಿಕ್ಷಕರು. ಇತ್ತು ಎಂದೇ ಅವರು ನಂಬಿದ್ದರು. ರಾತ್ರಿ 2 ಗಂಟೆಗೆ ಫೋಲ್ಡರಿನ ಪ್ರತಿ ತೆಗೆಯುವಂತೆ ಕ್ರಾನ್ ಎಂಬ ವೇಳಾಪಟ್ಟಿಯಲ್ಲಿ ಒಂದು ಸಾಲು ಬರೆದಿದ್ದರು. ಸಾಲಿನಲ್ಲಿ ತಪ್ಪಿರಲಿಲ್ಲ. ಆದರೆ ಸಂಜೆ ಬೀಗ ಹಾಕುವಾಗ ಜವಾನ ಕೊಠಡಿಯ ಮೇನ್ ಸ್ವಿಚ್ಚನ್ನೇ ಆರಿಸಿ ಹೋಗುತ್ತಾನೆ. ಶಾರ್ಟ್ ಸರ್ಕ್ಯೂಟ್ ಆಗದಿರಲಿ ಎಂದು ಅವನಿಗೆ ಹಾಗೆ ಹೇಳಿರುವುದೂ ಸರಿಯೇ. ಕ್ರಾನ್‌ಗೆ ತಪ್ಪಿಹೋದ ವೇಳೆಯನ್ನು ಆಮೇಲೆ ಪೂರೈಸುವ ಅಭ್ಯಾಸವಿಲ್ಲ. ಅದಕ್ಕೆಂದೇ ಅನಾಕ್ರಾನ್ ಎಂಬ ಇನ್ನೊಂದಿದೆ, ಯಂತ್ರ ಮತ್ತೆ ಚಾಲೂ ಆದಾಗ ಬಾಕಿ ಕೆಲಸ ಮುಗಿಸುತ್ತದೆ. ಜೂನ್‌ನಿಂದ ಒಂದು ರಾತ್ರಿಯೂ ಪ್ರತಿ ಆಗಿರಲಿಲ್ಲ. ಸರ್ವರ್ ನಡೆಸುವವರಿಗಾಗಿ ಬರೆದ ಪುಸ್ತಕಗಳು ಯಂತ್ರ ಹಗಲಿರುಳು ಓಡುತ್ತದೆ ಎಂದೇ ಭಾವಿಸುತ್ತವೆ. ನಮ್ಮ ಶಾಲೆಗಳ ಯಂತ್ರ ಜವಾನನ ಕೈಯಲ್ಲಿದೆ, ಅದಕ್ಕಿಂತ ಹೆಚ್ಚಾಗಿ ಕರೆಂಟಿನ ಕೈಯಲ್ಲಿದೆ. ಪ್ರತಿ ತೆಗೆದಿದ್ದೇವೆ ಎಂದು ಹೇಳುವ ಮೊದಲು ಅದರಿಂದ ಒಂದು ಫೈಲನ್ನಾದರೂ ವಾಪಸ್ ತಂದು ತೆರೆದು ನೋಡಿದ್ದೀರಾ ಎಂದು ಈಗ ನಾನು ಎಲ್ಲರನ್ನೂ ಕೇಳುತ್ತೇನೆ. ಹೌದು ಎಂದವರು ತೀರ ಕಡಿಮೆ.

ಇದನ್ನೆಲ್ಲ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಹೇಳಿದಾಗ ಹಿರಿಯ ಸಹೋದ್ಯೋಗಿಯೊಬ್ಬರು, ‘ನಾವು ತಯಾರು ಮಾಡುತ್ತಿರುವುದು ಮೇಷ್ಟರನ್ನು ಮಾರಾಯರೆ, ಸಿಸ್ಟಂ ಅಡ್ಮಿನ್‌ಗಳನ್ನಲ್ಲ’ ಎಂದರು. ಅವರ ಮಾತಿನಲ್ಲಿ ಅರ್ಥವಿದೆ. ಪಠ್ಯಕ್ರಮ ಈಗಾಗಲೇ ತುಂಬಿ ತುಳುಕುತ್ತಿದೆ. ಆದರೆ ರಸಾಯನಶಾಸ್ತ್ರದ ಪಾಠಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗೆ ಆಸಿಡ್ ಬಾಟಲಿಯನ್ನು ಎಲ್ಲಿಡಬೇಕು, ಬೀರುವಿನ ಬೀಗದ ಕೈ ಯಾರ ಬಳಿ ಇರಬೇಕು, ನೀರಿಗೆ ಆಸಿಡ್ಡೋ ಆಸಿಡ್ಡಿಗೆ ನೀರೋ ಎಂಬುದನ್ನು ನಾವು ಕಲಿಸದೆ ಬಿಡುತ್ತೇವೆಯೇ? ಅದರಿಂದ ಅವರೇನೂ ರಸಾಯನ ವಿಜ್ಞಾನಿಗಳಾಗುವುದಿಲ್ಲ. ಮಕ್ಕಳ ಕೈ ಸುಡುವುದಿಲ್ಲ, ಅಷ್ಟೇ. ನಾನು ಕೇಳುತ್ತಿರುವುದೂ ಅಷ್ಟನ್ನೇ.

2014ರ ಎನ್‌ಸಿಟಿಇ ನಿಯಮಾವಳಿಯ ನಂತರ ಬಿ.ಇಡಿ. ಎರಡು ವರ್ಷದ್ದಾಯಿತು. ಐಸಿಟಿಯನ್ನು ವಿಮರ್ಶಾತ್ಮಕವಾಗಿ ತಿಳಿಯುವುದು ಎಂಬ ಅರ್ಥದ ಹೆಸರಿನಲ್ಲೇ ಒಂದು ಪತ್ರಿಕೆ ಬಂತು. ಹೆಸರು ಚೆನ್ನಾಗಿದೆ. ನಾನು ಕಂಡ ಪಾಠ ಯೋಜನೆಗಳಲ್ಲಿ ಹೆಚ್ಚಿನವು ಮಾತ್ರ ಇನ್ನೂ ಮೌಸು, ಕೀಬೋರ್ಡು, ಮಾನಿಟರುಗಳ ಚಿತ್ರಕ್ಕೆ ಹೆಸರು ಬರೆಯಿಸುವಲ್ಲೇ ಇವೆ. ನಮ್ಮ ರಾಜ್ಯದಲ್ಲಿ ವಿಷಯ ಶಿಕ್ಷಕರ ವೇದಿಕೆಯ ಕಾಲದಿಂದಲೂ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ಉಬುಂಟು ಮತ್ತು ಜಿಯೋಜಿಬ್ರಾದಲ್ಲಿ ತರಬೇತಿ ಪಡೆದಿದ್ದಾರೆ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವನ್ನು ಕನ್ನಡದಲ್ಲಿ ತುಂಬಿದವರಲ್ಲಿ ಅಂಥ ಶಿಕ್ಷಕರೂ ಇದ್ದಾರೆ. ತಂತ್ರಾಂಶ ಬಳಸಿ ಪಾಠ ಮಾಡುವುದು ನಮಗೆ ಬಂದಿದೆ. ಆ ಯಂತ್ರದ ಯಜಮಾನಿಕೆಯ ಬಗ್ಗೆ ಪ್ರಶಿಕ್ಷಣಾರ್ಥಿಗಳ ಜೊತೆ ನಾವು ಮಾತಾಡಿಲ್ಲ.

ಗಡಿಯಾಚೆ ಕಾಸರಗೋಡನ್ನು ನೋಡಿ. ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳಿಗೂ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲಿದೆ, ಲ್ಯಾಬಿನಲ್ಲಿ ಇರುವುದು ಲಿನಕ್ಸ್. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಶುರುವಾಗಿ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಮರುವರ್ಷ ಅವರು ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಕ್ಲಬ್ಬುಗಳನ್ನು ಪ್ರೌಢಶಾಲೆಗಳಲ್ಲಿ ತೆರೆದರು. ಶಾಲೆಯ ಉಪಕರಣಗಳನ್ನು ನೋಡಿಕೊಳ್ಳುವುದರಲ್ಲೂ ಆ ಮಕ್ಕಳಿಗೆ ಪಾಲಿದೆ. ಹಿನ್ನೆಲೆ ಚಿತ್ರ ಬದಲಾಯಿಸುವ ಕೈಚಳಕದ ಹುಡುಗ ಅಲ್ಲಿ ಹುಟ್ಟಿದ್ದರೆ ಕ್ಲಬ್ಬಿನಲ್ಲಿ ಇರುತ್ತಿದ್ದನೇನೋ. ನಮ್ಮಲ್ಲಿ ಅವನು ಆರೋಪಿ.

ನಮ್ಮವರ ಇನ್ನೊಂದು ನಂಬಿಕೆ: ‘ಲಿನಕ್ಸ್‌ಗೆ ವೈರಸ್ ಬರಲ್ಲ ಅಲ್ವಾ ಸರ್?’ ಕಡಿಮೆ, ನಿಜ. ಆದರೆ ಆ ಶಾಲೆಯಲ್ಲಿ ಹೋದದ್ದು ಯಾವ ವೈರಸ್ಸಿನಿಂದಲೂ ಅಲ್ಲ. ಅಲ್ಲಿಯ ಸರ್ವರಿನಲ್ಲಿ ಇದ್ದದ್ದು ಉಬುಂಟು 16.04. ಅದರ ಐದು ವರ್ಷದ ಸಾಮಾನ್ಯ ಬೆಂಬಲ 2021ರ ಏಪ್ರಿಲ್‌ನಲ್ಲೇ ಮುಗಿದಿದೆ. ಆಮೇಲೆ ಕಂಡುಬಂದ ಬಿರುಕುಗಳಿಗೆ ಆ ಯಂತ್ರಕ್ಕೆ ತೇಪೆ ಸಿಕ್ಕಿಲ್ಲ. ‘ನೆಟ್ ಇಲ್ಲವಲ್ಲ, ಏನಾಗುತ್ತೆ?’ ಎನ್ನುತ್ತಾರೆ. ಇಲ್ಲ ಎನ್ನುತ್ತಲೇ ಬೇಕಾದಾಗ ಫೋನಿನ ಹಾಟ್‌ಸ್ಪಾಟ್ ಹಾಕಿಕೊಳ್ಳುತ್ತಾರೆ. ಅದೇ ಯಂತ್ರದ ಬ್ರೌಸರಿನಲ್ಲಿ ಎಸ್‌ಎಟಿಎಸ್ ಪಾಸ್‌ವರ್ಡ್ ಉಳಿಸಿಟ್ಟಿರುವ ಕಡೆಗಳೂ ಇವೆ. ಮಕ್ಕಳ ವಿವರವೆಲ್ಲ ಅದರ ಹಿಂದೆ ಇದೆ ಎಂಬುದು ನೆನಪಿರಲಿ.

ಸುರಕ್ಷತೆ ಎಂದರೆ ಮುಖವಾಡದ ಹ್ಯಾಕರ್ ಎಂದುಕೊಂಡವರಿಗೆ ನಾನು 2024ರ ಒಂದು ಘಟನೆ ಹೇಳುತ್ತೇನೆ. ಎಕ್ಸ್‌ಜೆಡ್ ಎಂಬ ಚಿಕ್ಕ ತಂತ್ರಾಂಶದ ಹೊಸ ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಅದು ಎಲ್ಲೆಡೆ ಹರಡಿದ್ದರೆ ಜಗತ್ತಿನ ಅಸಂಖ್ಯ ಲಿನಕ್ಸ್ ಸರ್ವರುಗಳ ಬಾಗಿಲು ತೆರೆಯಬಹುದಿತ್ತು. ಆ ಮಾರ್ಚ್‌ನಲ್ಲಿ ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್. ದೂರದ ಯಂತ್ರಕ್ಕೆ ಎಸ್‌ಎಸ್‌ಎಚ್ ಮೂಲಕ ಒಳಹೋಗುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂದು ಅವರಿಗೆ ಅನ್ನಿಸಿತು, ಏಕೆ ಎಂದು ಬೆನ್ನು ಹತ್ತಿದರು. ವೀಕ್ಷಣೆ ಎಂಬ ಪದವನ್ನು ದಿನಕ್ಕೆ ಹತ್ತು ಸಲ ಬಳಸುವ ನಮಗೆ ಇದು ತಿಳಿದಿರಲಿ.

ಈ ವರ್ಷ ನಮ್ಮ ಮಟ್ಟಿಗೆ ಬದಲಾಯಿಸಿದ್ದನ್ನು ಹೇಳುತ್ತೇನೆ, ದೊಡ್ಡದೇನಲ್ಲ. ಬೋಧನಾಭ್ಯಾಸಕ್ಕೆ ಹೊರಡುವ ಮೊದಲು ಒಂದು ಮಧ್ಯಾಹ್ನ ಪೂರ್ತಿ ಹಳೆಯ ಯಂತ್ರವೊಂದರ ಮುಂದೆ ಕೂರುತ್ತೇವೆ. ಮೂರು ಹೆಸರು, ಎರಡು ಫೋಲ್ಡರು. ಒಬ್ಬರು ಇಟ್ಟದ್ದನ್ನು ಇನ್ನೊಬ್ಬರು ಅಳಿಸಲು ಪ್ರಯತ್ನಿಸಬೇಕು. 777 ಕೊಟ್ಟು ನೋಡಬೇಕು, 1777 ಕೊಟ್ಟು ನೋಡಬೇಕು, ಲಾಗ್ ತೆರೆದು ತಮ್ಮದೇ ಹೆಸರನ್ನು ಹುಡುಕಬೇಕು. ಬೇಕೆಂದೇ ಕೆಡಿಸಿ ಸರಿಮಾಡುವ ಈ ಆಟಕ್ಕೆ ಸೂಕ್ಷ್ಮಬೋಧನೆಯ ಸುತ್ತಿಗೂ ಇಲ್ಲದ ಉತ್ಸಾಹ ಬರುತ್ತದೆ. ಶಾಲೆಯ ‘ಐಸಿಟಿ’ ಪಾಸ್‌ವರ್ಡನ್ನು ಪ್ರಶಿಕ್ಷಣಾರ್ಥಿಗಳು ಪಡೆಯುವಂತಿಲ್ಲ, ಬೇಕಾದರೆ ಶಿಕ್ಷಕರನ್ನು ಕರೆಯಬೇಕು. ಅವರು ರಜೆಯಲ್ಲಿದ್ದರೆ ಮಕ್ಕಳ ಕೆಲಸ ಆ ದಿನ ಅವರವರ ಯಂತ್ರದಲ್ಲೇ ಉಳಿಯಲಿ, ಏನೂ ಮುಳುಗುವುದಿಲ್ಲ. ಲ್ಯಾಬಿನಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಡಿಸಿದ್ದೇವೆ. ಸರ್ವರಿನಲ್ಲಿ ಏನು ಬದಲಾಯಿಸಿದರು, ಏಕೆ, ಮೊದಲು ಹೇಗಿತ್ತು ಎಂದು ದಿನಾಂಕದ ಜೊತೆ ಬರೆಯಬೇಕು. ಮೊದಲು ಹೇಗಿತ್ತು ಎಂದು ಬರೆಯಲಾಗದಿದ್ದರೆ ಬದಲಾಯಿಸಬಾರದು.

ವೀಕ್ಷಣಾ ನಮೂನೆಯಲ್ಲಿ ಇದಕ್ಕೊಂದು ಅಂಕ ಇರಬೇಕು ಎಂದು ನಾನು ವಾದಿಸುತ್ತಿದ್ದೇನೆ. ಕಪ್ಪುಹಲಗೆಯ ಬಳಕೆಗೆ ಅಂಕವಿದೆ, ಧ್ವನಿಯ ಏರಿಳಿತಕ್ಕೆ ಅಂಕವಿದೆ. ಸುಡೊ ಹೊಡೆಯುವ ಮುನ್ನ ನಿಂತು, ‘ಇದು ಯಾರದ್ದು?’ ಎಂದು ಕೇಳಿದ್ದಕ್ಕೆ ಅಂಕವಿಲ್ಲ. ಪಾಠವನ್ನು ಐದು ನಿಮಿಷ ಮೊದಲೇ ನಿಲ್ಲಿಸಿ, ‘ನನಗೆ ಗೊತ್ತಿಲ್ಲ, ನಿಮ್ಮ ಸರ್ ಬಂದ ಮೇಲೆ ಉಳಿಸೋಣ’ ಎಂದ ಪ್ರಶಿಕ್ಷಣಾರ್ಥಿಗೆ ನಾವು ‘ಸಮಾಪ್ತಿ ದುರ್ಬಲ’ ಎಂದು ಬರೆಯುತ್ತೇವೆ. ಆ ಶನಿವಾರ ಅವಳು ಹಾಗೆ ಮಾಡಿದ್ದರೆ ನಾನೂ ಹಾಗೆಯೇ ಬರೆಯುತ್ತಿದ್ದೆ. ಅವಳು ಅಳುತ್ತ ನನ್ನ ಬಳಿ ಬಂದು ಎಲ್ಲ ಒಪ್ಪಿಕೊಂಡಳು. ನಾನು ಕೊಟ್ಟ ಅಂಕ ಮಾತ್ರ ದಾಖಲೆಯಲ್ಲಿ ಹಾಗೆಯೇ ಉಳಿದಿದೆ.

ಲಾಗಿನಲ್ಲಿ ಕಂಡದ್ದನ್ನು ನಾನೂ ಅವಳೂ ಮುಖ್ಯ ಶಿಕ್ಷಕರಿಗೆ ಹೇಳಿದೆವು. ಅವರು ಹುಡುಗನನ್ನು ಕರೆಸಿ, ‘ನಿಂದೇನೂ ತಪ್ಪಿಲ್ಲ ಕಣೋ’ ಎಂದರು. ಅವನ ಅಪ್ಪನಿಗೆ ಹೇಳಲು ನಾನೇ ಅವರೂರಿಗೆ ಹೋಗಿದ್ದೆ. ಆಯಿತು ಬಿಡಿ ಮೇಷ್ಟ್ರೆ ಎಂದು ಕಾಫಿ ಕೊಟ್ಟರು.

ಈ ಸಲ ಹೊಸ ತಂಡದ ಜೊತೆ ಹೋದಾಗ ಹುಡುಗ ಹತ್ತನೆಯ ತರಗತಿಯಲ್ಲಿದ್ದ. ಲ್ಯಾಬಿನ ನೋಟ್‌ಬುಕ್ಕನ್ನು ನೋಡಿಕೊಳ್ಳಲು, ಬೆಂಚಿಗೊಂದು ಹೆಸರು ಮಾಡುವಾಗ ಶಿಕ್ಷಕರ ಜೊತೆ ಕೂರಲು ಅವನೇ ತಕ್ಕವನು ಎಂದು ನಮಗೆಲ್ಲ ಅನ್ನಿಸಿತ್ತು. ಕರೆದು ಕೇಳಿದೆ. ಅವನು ಬಾಗಿಲ ಹೊರಗೇ ನಿಂತು ಹೇಳಿದ:

‘ಬ್ಯಾಡಿ ಸಾರ್. ಏನಾರ ಹೋದ್ರೆ ಮತ್ತೆ ನನ್ನೇ ಕೇಳ್ತಾರೆ.’